ಪರದೆಯ ಪಕ್ಕದಿಂದ

ಆಗಸ್ಟ್ 4

ಚಿರಂಜೀವಿ ಪಂಡಿತನಿಗೆ ಅತ್ತೆಯ ಆಶೀರ್ವಾದ.

ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಇಲ್ಲವೇ "ಕ್ಲಾಸಿದೆ ಅತ್ತೆ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮುಗಿಯುವ ತನಕ ತೆಪ್ಪಗೆ ಓದು.

ನಿನ್ನ ನಾಟಕವನ್ನು ಕಮಿಟಿಯ ಮುಂದೆ ನಾನೇ ಓದಿದೆ. ನಮ್ಮ ಬೀದಿಯ ಕಮ್ಯುನಿಟಿ ಹಾಲಿಗೆ ಐವತ್ತು ವರ್ಷ ತುಂಬುವ ಸಮಾರಂಭಕ್ಕೆ ನಮ್ಮ ಬೀದಿಯ ಪ್ರೊಫೆಸರೇ ನಾಟಕ ಬರೆದಿದ್ದಾನೆ ಅಂತ ಎಲ್ಲರಿಗೂ ಹಿಗ್ಗೋ ಹಿಗ್ಗು. ಅಧ್ಯಕ್ಷರು ತಮ್ಮ ಹಾರ್ಡ್‌ವೇರ್ ಅಂಗಡಿಗೆ ಅರ್ಧ ಶಟರ್ ಎಳೆದು ಬಂದು ಕೂತಿದ್ದರು. "ಬೀಗ ರಿಪೇರಿ ಮಾಡುವ ತಂದೆ, ಮನೆ ಬಿಟ್ಟು ಹೋದ ಮಗ" ಅಂತ ನಾನು ಓದಿದ್ದೇ ತಡ, ಎದೆಯ ಮೇಲೆ ಕೈಯಿಟ್ಟುಕೊಂಡು, "ಟೀಚರಮ್ಮಾ, ತಂದೆ ಪಾತ್ರ ನಂದು. ಬೇರೆ ಮಾತೇ ಇಲ್ಲ" ಅಂದರು. ಮುಂದಿನ ವರ್ಷ ವಾರ್ಡ್ ಚುನಾವಣೆಗೆ ನಿಲ್ಲುತ್ತಾರಂತೆ. ಕಣ್ಣೀರು ಹಾಕಿಸುವ ತಂದೆಯ ಪಾತ್ರ ಬಿಟ್ಟಾರೆಯೇ? ಮೂರನೆಯ ಅಂಕಕ್ಕೆ ಬರುವಷ್ಟರಲ್ಲಿ ಚಹಾ ಬಂತು. ಚಹಾ ಬಂದ ಮೇಲೆ ಆ ಕಮಿಟಿಯಲ್ಲಿ ಯಾರು ಏನು ಕೇಳಿಸಿಕೊಳ್ಳುತ್ತಾರೆ ಹೇಳು. "ಚೆನ್ನಾಗಿದೆ, ಪಾಸ್" ಅಂದುಬಿಟ್ಟರು. ಹಾಗಾಗಿ ಕೊನೆಯ ದೃಶ್ಯ ಓದಿದ್ದು ನಾನೊಬ್ಬಳೇ, ಮನೆಗೆ ಬಂದು, ಹೊಲಿಗೆ ಮೆಷಿನ್ ಮುಂದೆ ಕೂತು.

ಮಗ ತನ್ನ ಸಂಗಾತಿಯನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ತಂದೆ ಹೇಳುತ್ತಾನೆ: "ಈ ಹುಡುಗ ನನ್ನ ಮಗನ ಸಂಗಾತಿ. ಹಾಗಾಗಿ ಇವನೂ ಈ ಮನೆಯವನೇ. ಬಾಗಿಲು ಹಾಕಬೇಡಿ, ಒಳಗೆ ಬರ್ತಿದ್ದಾನೆ." ಓದಿ ಅತ್ತುಬಿಟ್ಟೆ ಕಣೋ. ಇದು ಯಾರು ಯಾರಿಗೆ ಹೇಳಬೇಕಾಗಿದ್ದ ಮಾತು ಅಂತ ನನಗೆ ಗೊತ್ತಾಗುವುದಿಲ್ಲವೇ? ನಿಮ್ಮಪ್ಪ, ನನ್ನ ಅಣ್ಣ, ಬೀದಿಯವರ ಬೀಗಗಳನ್ನೆಲ್ಲ ಬಿಚ್ಚಿಕೊಟ್ಟು ತನ್ನ ಬಾಯಿಗೆ ಮಾತ್ರ ಬೀಗ ಹಾಕಿಕೊಂಡೇ ಹೋದ.

ಪ್ರಾಂಪ್ಟಿಂಗ್ ಈ ಸಲವೂ ನನ್ನದೇ. ನಮ್ಮ ಅಧ್ಯಕ್ಷರ ಕಥೆ ನಿನಗೆ ಗೊತ್ತೇ ಇದೆ: ಮಾತು ಬಾಯಿಪಾಠ ಮಾಡುವುದೆಂದರೆ ಅವರಿಗೆ ಅವಮಾನ. ಪರದೆಯ ಪಕ್ಕದಿಂದ ನಾನು ಪಿಸುಗುಟ್ಟಬೇಕು, ಅವರು ಗರ್ಜಿಸಬೇಕು. ಪರದೆಯ ಕಡೆಗೆ ಒಂದು ಕಿವಿ ಕೊಟ್ಟೇ ನಿಲ್ಲುತ್ತಾರೆ. ನೀನು ಚಿಕ್ಕವನಿದ್ದಾಗ ಒಂದು ವರ್ಷ ಅವರದು ರಾಜನ ಪಾತ್ರ, ನನ್ನ ಕಾಲ ಬಳಿ ಬೆಕ್ಕು ಬಂದು, ನಾನು "ಥೂ, ಹೋಗಾಚೆ, ಹಾಳಾದ ಬೆಕ್ಕೇ" ಅಂದದ್ದೇ ತಡ, ಸಿಂಹಾಸನದಿಂದೆದ್ದು ಮಂತ್ರಿಯ ಮುಖಕ್ಕೇ "ಹೋಗಾಚೆ, ಹಾಳಾದ ಬೆಕ್ಕೇ!" ಅಂದುಬಿಟ್ಟರಲ್ಲ! ಎಂಥಾ ಚಪ್ಪಾಳೆ! ನೀನಾಗ ಮುಂದಿನ ಸಾಲಿನಲ್ಲಿ ಕೂತು ನಕ್ಕು ನಕ್ಕು ಕುರ್ಚಿಯಿಂದ ಬಿದ್ದಿದ್ದೆ.

ನನ್ನ ಮೇಲಿನ ಹಲ್ಲಿನ ಸೆಟ್ಟು ಸಡಿಲವಾಗಿದೆ. ಪಿಸುಮಾತಿಗೆ ತೊಂದರೆಯಿಲ್ಲ, ಜಗಳವಾಡಲು ಮಾತ್ರ ಆಗುತ್ತಿಲ್ಲ. ಅಕ್ಟೋಬರ್ 3ಕ್ಕೆ ನಾಟಕ. ನೀನು ಬರಲೇಬೇಕು. ನಿನ್ನ ರೂಮಿನ ಡಾಕ್ಟ್ರನ್ನು ಕೇಳಿದೆ ಅಂತ ಹೇಳು.

ನಿನ್ನ ಅತ್ತೆ


ಆಗಸ್ಟ್ 11

ಪ್ರೀತಿಯ ಅತ್ತೆಗೆ,

ತೆಪ್ಪಗೆ ಓದಿದೆ. ಬೆಕ್ಕಿನ ಕಥೆ ಬಂದಾಗ ಮಾತ್ರ ಗಟ್ಟಿಯಾಗಿ ನಕ್ಕೆ. ಡಾಕ್ಟ್ರಿಗೂ ಓದಿ ಹೇಳಿದೆ. "ಆ ಹಲ್ಲಿನ ಸೆಟ್ಟು ಮಾಡಿದವರು ಯಾರು, ಅವರ ಕೈ ನೋಡಬೇಕು" ಅಂತ ಕೆಂಡವಾಗಿದ್ದಾನೆ. ಹೊಸದು ಮಾಡಿಕೊಡುತ್ತಾನಂತೆ. "ರೂಮಿನ ಡಾಕ್ಟ್ರು" ಅಂತ ಬರೆದಿದ್ದೀಯ. ಇರಲಿ.

ಇಲ್ಲಿಯ ಸುದ್ದಿ ಕೇಳು. ವಿಶ್ವವಿದ್ಯಾಲಯದವರು ಹೊಸ ಪ್ರಚಾರ ಪುಸ್ತಿಕೆ ಮಾಡಿದ್ದಾರೆ, ಬಣ್ಣದ್ದು. ಅದರ ಮೊದಲ ಪುಟದಲ್ಲಿ ನಾನು ಮತ್ತು ಡಾಕ್ಟ್ರು ಮರದ ಕೆಳಗೆ ನಿಂತ ಫೋಟೋ. ಕೆಳಗೆ ದಪ್ಪಕ್ಷರದಲ್ಲಿ "ಇಲ್ಲಿ ಎಲ್ಲರಿಗೂ ಜಾಗವಿದೆ." ಅದರ ಕೆಳಗೆ ನಾನು ಸಲಿಂಗಿ ಅಧ್ಯಾಪಕ, ಸಲಿಂಗಿಗಳ ಬದುಕಿನ ಮೇಲೆ ಸಂಶೋಧನೆ ಮಾಡುತ್ತೇನೆ, ಇವನು ನನ್ನ ಸಂಗಾತಿ, ಎಲ್ಲ ಬರೆದಿದ್ದಾರೆ. ಜಾಗವೇನೋ ಇದೆ, ಪುಸ್ತಿಕೆಯಲ್ಲಿ. ಕುಟುಂಬಸ್ಥರ ಕ್ವಾರ್ಟರ್ಸ್ ಕೇಳಲು ಹೋದರೆ ಅದೇ ಆಫೀಸಿನವರು "ಕುಟುಂಬ ಎಲ್ಲಿದೆ ಸಾರ್?" ಅನ್ನುತ್ತಾರೆ. ನಾನಿರುವುದು ಒಂಟಿ ರೂಮಿನಲ್ಲೇ. ದಿನಾ ಸಂಜೆ ಡಾಕ್ಟ್ರು ಗೇಟಿನಲ್ಲಿ ನಿಂತು "ಅತಿಥಿ" ಅಂತ ಬರೆದು ರುಜು ಹಾಕಿ ಒಳಗೆ ಬರಬೇಕು. ತನ್ನ ಮನೆಗೆ ತಾನೇ ಅತಿಥಿ! ಫೋಟೋ ತೆಗೆಯುವ ದಿನ ಮಾತ್ರ ವಾಚ್‌ಮನ್ ಸಲ್ಯೂಟ್ ಹೊಡೆದ.

ನಾನು ಇಲ್ಲಿ ತರಗತಿಯಲ್ಲಿ ಮನೆ, ಕುಟುಂಬ, ಗಂಡಸು, ಹೆಂಗಸು ಅಂತ ಗಂಟೆಗಟ್ಟಲೆ ಮಾತಾಡುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ನನಗೇ ವಾಪಸ್ ಬರೆಯುತ್ತಾರೆ. ಆದರೆ ನನಗೆ ಬೇಕಾಗಿರುವುದು ಒಂದೇ ಅತ್ತೆ. ಅಪ್ಪ ಹೇಳದ ಆ ಮಾತನ್ನು ಅಪ್ಪ ಕೂರುತ್ತಿದ್ದ ಹಾಲಿನಲ್ಲಿ, ನಾನು ಬೆಳೆದದ್ದನ್ನು ಕಂಡವರ ಮುಂದೆ, ಯಾರಾದರೂ ಗಟ್ಟಿಯಾಗಿ ಹೇಳಬೇಕು. ಹಾರ್ಡ್‌ವೇರ್ ಅಂಗಡಿಯವರು ಹೇಳಿದರೂ ಪರವಾಗಿಲ್ಲ.

ಪುಸ್ತಿಕೆಯ ಒಂದು ಪ್ರತಿ ಹಾಲಿನ ವಿಳಾಸಕ್ಕೂ ಕಳಿಸಿದ್ದೇನೆ. ಬೀದಿಯವರು ನೋಡಲಿ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಿಡು.

ನಿನ್ನ ಪಂಡಿತ


ಆಗಸ್ಟ್ 29

ಚಿರಂಜೀವಿ ಪಂಡಿತನಿಗೆ ಆಶೀರ್ವಾದ.

ಉತ್ತರ ತಡವಾಯಿತು. ಶಾಲೆ ಸಮವಸ್ತ್ರದ ಆರ್ಡರು ಬಂದಿದೆ, ಹೊಲಿಗೆ ಕ್ಲಾಸಿನ ಹೆಂಗಸರಿಗೆಲ್ಲ ಕೈತುಂಬ ಕೆಲಸ. ಹಾಲಿನ ಹಿಂದಿನ ಕೋಣೆಯಲ್ಲಿ ಬಟ್ಟೆ ಸೊಂಟದೆತ್ತರ ಬಿದ್ದಿದೆ. ಗುಂಡಿಗಳು ಬೇರೆ ತಪ್ಪು ಬಣ್ಣದವು ಬಂದಿದ್ದವು, ವಾಪಸ್ ಕಳಿಸಿದ್ದಾಯಿತು.

ಪುಸ್ತಿಕೆ ಬಂತು. ಕಾಗದ ಒಳ್ಳೆಯದು ಹಾಕಿದ್ದಾರೆ. ನೀನು ಸ್ವಲ್ಪ ಸೊರಗಿದ ಹಾಗೆ ಕಾಣುತ್ತೀಯ, ಸರಿಯಾಗಿ ಊಟ ಮಾಡು.

ಈ ಸಲ ಜನ ಜಾಸ್ತಿ ಅಂತ ಕುರ್ಚಿಗೆ ಕಷ್ಟವಂತೆ. ಮುಂದಿನ ಸಾಲು ಅತಿಥಿಗಳಿಗೆ. ನೀನೊಬ್ಬನೇ ಬಂದರೆ ಎಲ್ಲಾದರೂ ಹೊಂದಿಸಬಹುದು. ಡಾಕ್ಟ್ರಿಗೂ ಪಾಪ ಕ್ಲಿನಿಕ್ ಬಿಟ್ಟು ಬರುವುದು ಸುಲಭವೇ. ನಾಟಕದಲ್ಲಿ ಅಲ್ಲಿ ಇಲ್ಲಿ ಸಣ್ಣಪುಟ್ಟ ಬದಲಾವಣೆ ಆಗಿದೆ, ಆಡುವಾಗ ಆಗುವುದೇ. ನೀನು ತಲೆ ಕೆಡಿಸಿಕೊಳ್ಳಬೇಡ.

ಅತ್ತೆ


ಸೆಪ್ಟೆಂಬರ್ 3

ಅತ್ತೆ,

ಸಣ್ಣಪುಟ್ಟ ಬದಲಾವಣೆಯೇ?

ನಮ್ಮ "ಕರೆಂಟು" ಫೋನ್ ಮಾಡಿದ್ದ. ಮೂರನೇ ಕ್ಲಾಸಿನಿಂದ ನನ್ನ ಜೊತೆ ಓದಿದವನು, ಹಾಲಿನ ಲೈಟು ನೋಡಿಕೊಳ್ಳುವವನು, ಅವನಿಗೆ ನನ್ನ ಹತ್ತಿರ ಸುಳ್ಳು ಹೇಳಬೇಕಾದ ದರ್ದಿಲ್ಲ. ರಿಹರ್ಸಲ್ ನೋಡಿದನಂತೆ. "ಲೋ, ಕೊನೆಯಲ್ಲಿ ಅಪ್ಪ ಆ ಹುಡುಗನ ಕುತ್ತಿಗೆ ಹಿಡಿದು ಆಚೆ ದಬ್ಬುತ್ತಾನಲ್ಲೋ, ನೀನು ಹಂಗೆ ಬರೆದಿದ್ದಾ?" ಅಂದ. ಆಮೇಲೆ ಕಮಿಟಿಯ ಕಾರ್ಯದರ್ಶಿ ಬರೆದ ಅರ್ಧ ಪುಟದ ಭಾಷಣವನ್ನೂ ಫೋಟೋ ತೆಗೆದು ಕಳಿಸಿದ. "ಇಂಥ ಕಳಂಕಕ್ಕೆ ನನ್ನ ಪವಿತ್ರ ಗೃಹದಲ್ಲಿ ಸ್ಥಾನವಿಲ್ಲ" ಅಂತ ಶುರುವಾಗಿ, ವಂಶ, ಮರ್ಯಾದೆ, ಮುಂದಿನ ಪೀಳಿಗೆ ಎಲ್ಲ ಸುತ್ತಿ, "ಹಾಕಿರಿ ಬಾಗಿಲು!" ಅಂತ ಮುಗಿಯುತ್ತದೆ. ಪೆನ್ನು ಪುಸ್ತಕ ಮಾರುವ ಅಂಗಡಿ ಇಟ್ಟವನು ಎಂಬ ಮಾತ್ರಕ್ಕೆ ಅವನಿಗೆ ಬರೆಯುವ ಹಕ್ಕು ಕೊಟ್ಟವರು ಯಾರು? ನನ್ನ ನಾಟಕ ಬೇಡವೆಂದರೆ ಮುಖಕ್ಕೆ ಹೇಳಿ ವಾಪಸ್ ಕೊಡಲಿ. ನನ್ನ ಕೈಯಲ್ಲೇ ಬರೆಸಿಕೊಂಡು, ನನ್ನ ಅಪ್ಪನ ಕಸುಬನ್ನೇ ಇಟ್ಟುಕೊಂಡು, ನನ್ನನ್ನೇ ನನ್ನ ಮನೆಯಿಂದ ಆಚೆ ಹಾಕುವುದೇ? ಎಂಥಾ ದಗಲ್ಬಾಜಿ ಇದು!

ಇನ್ನೂ ಉರಿಯುವುದು ಏನು ಗೊತ್ತೇ? ಆ ಭಾಷಣವನ್ನು ಅಧ್ಯಕ್ಷರ ಕಿವಿಗೆ ಹೇಳಿಕೊಡುತ್ತಿರುವುದು ನೀನು. ನನ್ನನ್ನು ಆಚೆ ಹಾಕುವ ಒಂದೊಂದು ಮಾತೂ ಮೊದಲು ನಿನ್ನ ಬಾಯಿಂದ ಹೊರಡುತ್ತದೆ. ಅದನ್ನು ಬಚ್ಚಿಟ್ಟು ನನಗೆ ಗುಂಡಿಯ ಬಣ್ಣದ ಬಗ್ಗೆ ಬರೆಯುತ್ತೀಯ!

ನಾಟಕವನ್ನು ನಿಲ್ಲಿಸಲು ಹೇಳು. ಇಲ್ಲವೇ ನನ್ನ ಹೆಸರು ತೆಗೆಯಲಿ.

ನಾನು ಆರಾಮ. ಈಗ ಸ್ವಲ್ಪ ಬಿಡುವೂ ಇದೆ.

ಪಂಡಿತ


ಸೆಪ್ಟೆಂಬರ್ 9

ಪಂಡಿತನಿಗೆ,

ಹೆಸರು ತೆಗೆಯುವ ಚಿಂತೆ ಬೇಡ. ಆಹ್ವಾನದ ಕಾರ್ಡಿನಲ್ಲಿ ನಿನ್ನ ಹೆಸರು ಹಾಕೇ ಇಲ್ಲ. "ರಚನೆ: ಬೀದಿಯ ಹಿರಿಯರು" ಅಂತ ಅಚ್ಚಾಗಿದೆ. ಆ ಹಿರಿಯರು ಯಾರು ಅಂತ ನಾನೂ ಕೇಳಿದೆ, ಕಾರ್ಯದರ್ಶಿ ಕಾರ್ಡು ಎಣಿಸತೊಡಗಿದ.

ನಿನಗೆ ಅಲ್ಲಿ ಕೂತು ಸಿಟ್ಟು ಮಾಡುವುದು ಸುಲಭ. ಇಲ್ಲಿ ನಡೆದದ್ದು ಕೇಳು. ಪುಸ್ತಿಕೆ ಬಂದ ದಿನ ಅಧ್ಯಕ್ಷರು ಅದನ್ನು ಎರಡು ಬೆರಳಲ್ಲಿ, ಸತ್ತ ಇಲಿ ಹಿಡಿದ ಹಾಗೆ ಹಿಡಿದುಕೊಂಡು ಹೊಲಿಗೆ ಕೋಣೆಗೆ ಬಂದರು. ಹೆಂಗಸರೆಲ್ಲ ಮೆಷಿನ್ ನಿಲ್ಲಿಸಿದರು.

"ಏನ್ ಟೀಚರಮ್ಮಾ ಇದು? ರೂಮ್‌ಮೇಟ್ ಅಂದಿದ್ರಿ."

"ಫೋಟೋದಲ್ಲಿ ಇರೋದೇ ನಿಜ" ಅಂದೆ. ಗಟ್ಟಿಯಾಗಿ ಅನ್ನಲಿಲ್ಲ, ಒಪ್ಪಿಕೊಳ್ಳುತ್ತೇನೆ.

"ನಾಟಕದ ಕೊನೆ ಈಗ ಓದಿದ್ದೀವಿ. ಚುನಾವಣೆ ಹತ್ರ ಬಂತು, ನಾನು ಆ ಮಾತು ಸ್ಟೇಜ್ ಮೇಲೆ ಆಡಿದ್ರೆ ನನಗ್ಯಾರು ವೋಟ್ ಹಾಕ್ತಾರೆ? ಕೊನೆ ಬದಲಾಯ್ಸಿ ಆಡ್ತೀವಿ. ನೀವೇ ಪ್ರಾಂಪ್ಟ್ ಮಾಡ್ಬೇಕು. ಆಗಲ್ಲ ಅಂದ್ರೆ ಈ ಕೋಣೆ ಹಾಲಿಂದು, ಕಮಿಟಿಗೆ ಬೇರೆ ಉಪಯೋಗ ಇದೆ."

ಆ ಕೋಣೆಯಲ್ಲಿ ಕೂತವರನ್ನು ನೀನು ಮರೆತಿರಬಹುದು. ಗಂಡ ಬಿಟ್ಟವಳು ಇದ್ದಾಳೆ, ಗಂಡನನ್ನು ಬಿಟ್ಟವಳೂ ಇದ್ದಾಳೆ. ಮೆಷಿನ್ ಇಡಲು ಅವರ ಮನೆಗಳಲ್ಲಿ ಜಾಗವಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏನು ಹೇಳಬೇಕಾಗಿತ್ತು? "ನನ್ನ ಅಣ್ಣನ ಮಗನ ಒಂದು ಮಾತಿಗೋಸ್ಕರ ನೀವೆಲ್ಲ ಬೀದಿಗೆ ಬನ್ನಿ" ಅನ್ನಲೇ? ಆಗಲಿ ಅಂದೆ. ಹೌದು, ಆ ದರಿದ್ರ ಭಾಷಣವನ್ನು ದಿನಾ ಹೇಳಿಕೊಡುತ್ತಿದ್ದೇನೆ. ಹೇಳಿಕೊಟ್ಟು ಮನೆಗೆ ಬಂದು ಬಾಯಿ ಮುಕ್ಕಳಿಸುತ್ತೇನೆ.

ನೀನು ಆ ಪುಸ್ತಿಕೆಯನ್ನು ಹಾಲಿಗೆ ಕಳಿಸುವ ಮೊದಲು ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಗಾಜಿನ ಗೋಡೆಯ ಆಫೀಸಿನಲ್ಲಿ ಕೂತವರಿಗೆ ನಮ್ಮ ಬೀದಿ ಮರೆತುಹೋಗುತ್ತದೆ.

ಅತ್ತೆ


ಸೆಪ್ಟೆಂಬರ್ 15

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಹೊಲಿಗೆ ಕೋಣೆಯ ವಿಷಯ ಅರ್ಥವಾಯಿತು. ಆ ಹೆಂಗಸರನ್ನು ಮುಂದಿಟ್ಟುಕೊಂಡು ನಿಮ್ಮನ್ನು ಬಗ್ಗಿಸಿದವರ ಮೇಲೆ ನನಗೆ ಹೇಸಿಗೆಯಾಗುತ್ತಿದೆ. ಅದಕ್ಕೆ ನಿಮ್ಮನ್ನು ದೂರುವುದಿಲ್ಲ.

ಆದರೆ ಒಂದು ಮಾತು ಕೇಳುತ್ತೇನೆ. ಕೋಣೆ, ಚುನಾವಣೆ, ಕಮಿಟಿ ಯಾವುದೂ ಇಲ್ಲದಾಗ ನೀವೇನು ಹೇಳಿದ್ದಿರಿ? ನಿಮಗೆ ಜ್ವರ ಬಂದಾಗ ನಾವಿಬ್ಬರೂ ಬಂದಿದ್ದೆವು. ಡಾಕ್ಟ್ರು ನಿಮ್ಮ ತಲೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದ. ಪಕ್ಕದ ಮನೆಯವರು ಬಂದು "ಇವರ್ಯಾರು?" ಅಂದಾಗ, ಕಣ್ಣು ಬಿಡಲಾಗದ ಜ್ವರದಲ್ಲೂ ನೀವು "ರೂಮಿನವನು" ಅಂದಿರಿ. ಅವನು ನಕ್ಕು, ಬಟ್ಟೆ ಹಿಂಡಿ ಮತ್ತೆ ಹಾಕಿದ. ನಾನು ಅಡುಗೆಮನೆಗೆ ಹೋಗಿ ನಿಂತೆ.

ಅಪ್ಪ ಹೇಳಲಿಲ್ಲ, ಸರಿ. ಅಧ್ಯಕ್ಷರಿಂದ ಹೇಳಿಸೋಣ ಅಂದುಕೊಂಡೆವು, ಅದೂ ಆಗಲಿಲ್ಲ. ನೀವು ಯಾವತ್ತಾದರೂ ನಿಮ್ಮ ಬಾಯಲ್ಲಿ, ನಾಲ್ಕು ಜನರ ಮುಂದೆ, ಅವನು ನನಗೆ ಯಾರು ಅಂತ ಹೇಳಿದ್ದೀರಾ? ಇಡೀ ಬೀದಿಯ ಬಾಯಿಗೆ ಮಾತು ಕೊಟ್ಟವರು ನೀವು. ನನಗೋಸ್ಕರ ನಿಮಗೆ ಒಂದು ಮಾತು ಸಿಗಲಿಲ್ಲ.

ನಾನು ಬರುವುದಿಲ್ಲ. ಡಾಕ್ಟ್ರಿಗೂ ಆ ವಾರ ಬೇರೆ ಊರಿನಲ್ಲಿ ದಂತವೈದ್ಯರ ಸಭೆ ಇದೆಯಂತೆ. ಗಾಜಿನ ಗೋಡೆಯ ಆಫೀಸಿನಲ್ಲಿ ಒಬ್ಬನೇ ಇರುತ್ತೇನೆ.

ಇತಿ ನಮಸ್ಕಾರಗಳು.


ಅಕ್ಟೋಬರ್ 5

ಪಂಡಿತಾ,

ಇದ್ದಕ್ಕಿದ್ದ ಹಾಗೆ "ನೀವು" ಆಗಿಬಿಟ್ಟೆನಲ್ಲ! ನಿನ್ನ ಮೂಗು ಒರೆಸಿದವಳು ನಾನು. ಆ "ಅತ್ತೆಯವರಿಗೆ" ನೋಡಿದಾಗ ಮೈಯೆಲ್ಲ ಉರಿದುಹೋಯಿತು. ಎರಡು ದಿನ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ, ಮೆಷಿನ್ ತುಳಿಯುತ್ತ. ಮೂರನೆಯ ದಿನ ಬೈಯಲು ಏನೂ ಉಳಿದಿರಲಿಲ್ಲ. ನೀನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲವಲ್ಲ. ಅದಕ್ಕೇ ಉತ್ತರ ಬರೆಯಲಿಲ್ಲ. ಏನು ಮಾಡಬೇಕು ಅಂತ ಗೊತ್ತಾದ ಮೇಲೆ ಬರೆಯೋಣ ಅಂದುಕೊಂಡೆ.

ನಾಟಕದ ಹಿಂದಿನ ದಿನ ಹೊಲಿಗೆಯವರನ್ನೆಲ್ಲ ಕೂರಿಸಿಕೊಂಡು ಕೇಳಿದೆ. "ನಾಳೆ ನಾನೊಂದು ಕಿತಾಪತಿ ಮಾಡ್ತೀನಿ. ಕೋಣೆ ಹೋಗಬಹುದು. ಬೇಡ ಅಂದ್ರೆ ಈಗ್ಲೇ ಹೇಳಿ." ಇಬ್ಬರು ಬೇಡ ಅಂದರು, ಅವರ ಕಷ್ಟ ಅವರಿಗೆ. ಗಂಡನನ್ನು ಬಿಟ್ಟವಳು, "ಮೆಷಿನ್‌ಗೆ ಕಾಲಿದೆ ಟೀಚರ್, ಎತ್ತಿಟ್ರೆ ಎಲ್ಲಾದ್ರೂ ನಿಲ್ತದೆ. ಮಾಡಿ" ಅಂದಳು. ಉಳಿದವರು ಅವಳ ಕಡೆ ನೋಡಿ ತಲೆಯಾಡಿಸಿದರು.

ನನ್ನ ಲೆಕ್ಕ ಸರಳ. ಹಾಳಾದ ಬೆಕ್ಕನ್ನೇ ಸಿಂಹಾಸನದಿಂದ ಕೂಗಿದ ಮನುಷ್ಯ, ನಾನು ನಿನ್ನ ಮಾತು ಹೇಳಿಕೊಟ್ಟರೆ ನಿನ್ನ ಮಾತನ್ನೇ ಕೂಗುತ್ತಾರೆ. ಕೂಗಿದ ಮೇಲೆ ತಿಳಿಯುತ್ತದೆ ಏನು ಕೂಗಿದೆ ಅಂತ. ಅಷ್ಟರಲ್ಲಿ ಹಾಲಿಗೆಲ್ಲ ಕೇಳಿಸಿರುತ್ತದೆ. ಹೀಗೆ ಅಂದುಕೊಂಡು, ನಿನ್ನ ಮೇಲಿನ ಸಿಟ್ಟು, ಅವರ ಮೇಲಿನ ಸಿಟ್ಟು ಎರಡನ್ನೂ ಸೆರಗಿನಲ್ಲಿ ಗಂಟು ಹಾಕಿಕೊಂಡು ಪರದೆಯ ಪಕ್ಕ ಕೂತೆ.

ಹಾಲಿನ ತುಂಬ ಜನ. ಮುಂದಿನ ಸಾಲಿನಲ್ಲಿ ಅಧ್ಯಕ್ಷರಿಗೆ ಟಿಕೆಟ್ ಕೊಡಬೇಕಾದ ಪಕ್ಷದವರು. ಮೊದಲ ಎರಡು ಅಂಕ ಚೆನ್ನಾಗಿಯೇ ಆಯಿತು. ನಿನ್ನ ಅಪ್ಪ ಕೀಲಿಗೊಂಚಲನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದನಲ್ಲ, ಅದನ್ನು ನೀನು ಬರೆದಿದ್ದೀಯ, ಅಧ್ಯಕ್ಷರು ಅದನ್ನು ಮಾಡಿದಾಗ ಹಳಬರೆಲ್ಲ "ಅಯ್ಯೋ, ಅವನೇ" ಅಂದರು. ಕೊನೆಯ ದೃಶ್ಯ ಬಂತು. ಮಗ ಬಂದ, ಸಂಗಾತಿ ಬಂದು ಬಾಗಿಲಲ್ಲಿ ನಿಂತ. ಅಧ್ಯಕ್ಷರು ಎದೆಯುಬ್ಬಿಸಿ, ಕೈ ಎತ್ತಿ, ಕಿವಿ ನನ್ನ ಕಡೆ ಕೊಟ್ಟರು. ನಾನು ಹೇಳಿದೆ: "ಈ ಹುಡುಗ ನನ್ನ ಮಗನ ಸಂಗಾತಿ."

ಬಾಯಿ ತೆರೆದರು. "ಈ ಹುಡುಗ ನನ್ನ..." ಅಂದರು. ಅಲ್ಲಿಗೆ ನಿಂತುಬಿಟ್ಟರು ಕಣೋ! ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಏನು ಹೇಳುತ್ತಿದ್ದೇನೆ ಅಂತ ಯೋಚನೆ ಮಾಡಿದರು. ನನ್ನ ಉಪಾಯ ಮಣ್ಣು ಮುಕ್ಕಿತು.

ಆದರೆ ತಮಾಷೆ ನೋಡು. ನಿನ್ನ ಮಾತು ಆಡಲೊಲ್ಲರು, ಕಾರ್ಯದರ್ಶಿಯ ಭಾಷಣ ಆಡೋಣವೆಂದರೆ ಅದರ ಒಂದು ಶಬ್ದವೂ ಬಾಯಿಗೆ ಬರದು. ಯಾವತ್ತು ಕಲಿತಿದ್ದರು? ಎತ್ತಿದ ಕೈ ಎತ್ತಿದ ಹಾಗೆಯೇ ಗರ ಬಡಿದವರಂತೆ ನಿಂತಿದ್ದಾರೆ. ಹಲ್ಲು ಕಚ್ಚಿಕೊಂಡೇ ನನ್ನ ಕಡೆಗೆ, "ಅದಲ್ಲ, ಅದಲ್ಲ, ಇನ್ನೊಂದು" ಅನ್ನುತ್ತಿದ್ದಾರೆ. ನಾನು ಮತ್ತೆ ನಿನ್ನ ಮಾತನ್ನೇ ಹೇಳಿಕೊಟ್ಟೆ. ಹಾಲಿನಲ್ಲಿ ಎಷ್ಟು ನಿಶ್ಶಬ್ದವೆಂದರೆ ನನ್ನ ಪಿಸುಮಾತು ಮುಂದಿನ ಸಾಲಿಗೆ ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು. ಕಾರ್ಯದರ್ಶಿ ಆ ಕಡೆಯಿಂದ "ಪರದೆ ಎಳೀರಿ, ಪರದೆ ಎಳೀರಿ" ಅಂತ ಕೈ ಬೀಸುತ್ತಿದ್ದ.

ಆಗ ನನಗೆ ನಿನ್ನ ಕಾಗದ ನೆನಪಾಯಿತು. ನಾನು ಈಗಲೂ ಮಾಡುತ್ತಿದ್ದದ್ದು ಅದನ್ನೇ ಅಲ್ಲವೇ? ಕತ್ತಲಲ್ಲಿ ಕೂತು, ಇನ್ನೊಬ್ಬರ ಬಾಯಿಗೆ ಮಾತು ತುರುಕಿ, ಕೆಟ್ಟರೆ ಅವರದು, ನಾನು ಆಚೆಗಿನವಳು ಅಂತ. ಮೈಗೆ ಬೆಂಕಿ ಬಿದ್ದ ಹಾಗಾಯಿತು. ಎದ್ದೆ. ಚಪ್ಪಲಿ ಬಿಟ್ಟಿದ್ದೆ, ಹಾಕಿಕೊಳ್ಳಲೂ ನೆನಪಾಗಲಿಲ್ಲ. ಪರದೆಯಿಂದ ಈಚೆ ಬಂದೆ.

ಲೈಟು ಇಷ್ಟು ಚುಚ್ಚುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಧ್ಯಕ್ಷರು "ಟೀಚರಮ್ಮಾ, ಒಳಗೆ ಹೋಗಿ" ಅಂದರು. ಇದು ಅವರಿಗೆ ಯಾರೂ ಹೇಳಿಕೊಡದೆ ಬಂದ ಮಾತು. ನಾನು ಅವರನ್ನು ದಾಟಿ ಮುಂದೆ ನಿಂತೆ. ಬಾಯಿ ತೆರೆದರೆ ಹಲ್ಲಿನ ಸೆಟ್ಟು ಜಾರಿತು. ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇದ್ದ ದನಿಯನ್ನೆಲ್ಲ ಒಟ್ಟು ಮಾಡಿ ಹೇಳಿದೆ.

"ಈ ನಾಟಕ ಬರೆದೋನು ನನ್ನ ಅಣ್ಣನ ಮಗ. ಹಿರಿಯರಲ್ಲ. ಕೊನೆ ಮಾತು ಇವರ ಬಾಯಿಗೆ ಬರ್ತಿಲ್ಲ, ನಮ್ಮಣ್ಣನ ಬಾಯಿಗೂ ಬರಲಿಲ್ಲ. ನಾನು ಹೇಳ್ತೀನಿ. ನನ್ನ ಅಣ್ಣನ ಮಗನ ಜೊತೆ ಒಬ್ಬ ಹಲ್ಲಿನ ಡಾಕ್ಟ್ರು ಇದ್ದಾನೆ. ಅವನು ರೂಮಿನವನಲ್ಲ, ನಾನು ಸುಳ್ಳು ಹೇಳಿದ್ದೆ. ಅವನು ನಮ್ಮ ಹುಡುಗನ ಸಂಗಾತಿ. ಹಾಗಾಗಿ ಅವನೂ ನಮ್ಮ ಮನೆಯವನೇ. ನಮ್ಮ ಮನೆ ಬಾಗಿಲು ಅವನಿಗೆ ಯಾರೂ ಹಾಕಕೂಡದು."

ಜೈಕಾರ ಹಾಕಿದರು ಅಂತ ತಿಳಿಯಬೇಡ. ಮುಂದಿನ ಸಾಲಿನ ಪಕ್ಷದವರು ಎದ್ದು ಹೋದರು. ಪಕ್ಕದ ಮನೆಯವಳು ಮುಖ ಸಿಂಡರಿಸಿಕೊಂಡು ಮಗಳನ್ನು ಎಳೆದುಕೊಂಡು ಹೋದಳು. ಒಬ್ಬ "ಮುದುಕಿಗೆ ತಲೆ ಕೆಟ್ಟಿದೆ" ಅಂತ ಕೂಗಿದ. ಹೊಲಿಗೆಯವರು ಚಪ್ಪಾಳೆ ತಟ್ಟಿದರು, ಬೇಡ ಅಂದಿದ್ದ ಇಬ್ಬರಲ್ಲಿ ಒಬ್ಬಳೂ ತಟ್ಟಿದಳು. ಕರೆಂಟು ಏನು ಮಾಡಿದ ಗೊತ್ತೇ? ಕಾರ್ಯದರ್ಶಿ "ಲೈಟ್ ಆರಿಸೋ" ಅಂತ ಕಿರುಚಿದರೆ, ಸ್ಟೇಜಿನ ಲೈಟಿನ ಜೊತೆ ಹಾಲಿನ ಲೈಟೂ ಹಾಕಿಬಿಟ್ಟ. ಆಗ ನನಗೆ ಕೊನೆಯ ಸಾಲು ಕಾಣಿಸಿತು.

ಬಾಗಿಲ ಹತ್ತಿರ, ಕುರ್ಚಿ ಸಿಗದೆ ಗೋಡೆಗೆ ಒರಗಿ, ಕೈಯಲ್ಲಿ ಚೀಲ ಹಿಡಿದು ಅವನು ನಿಂತಿದ್ದ. ನಿನ್ನ ಡಾಕ್ಟ್ರು. ದಂತವೈದ್ಯರ ಸಭೆಯಂತೆ, ಸಭೆ! ನಿನಗೂ ಸುಳ್ಳು ಹೇಳಿ ಬಂದಿದ್ದಾನೆ. "ನೀವಿಬ್ಬರೂ ಮಾತು ಬಿಟ್ಟಿದ್ರಿ, ಯಾರಾದ್ರೂ ಒಬ್ಬರು ನಾಟಕ ನೋಡ್ಬೇಕಿತ್ತಲ್ಲ" ಅಂದ. ನನ್ನನ್ನು ಹಾಲಿನಿಂದ ಮನೆಗೆ ಕೈಹಿಡಿದು ಕರೆದುಕೊಂಡು ಬಂದವನು ಅವನೇ. ದಾರಿಯಲ್ಲಿ ಎದುರಾದವರು ನೋಡಿದರು. ನೋಡಿಕೊಳ್ಳಲಿ.

ಮನೆಗೆ ಬಂದು ಅವನ ಬಾಯಿಂದಲೇ ಗೊತ್ತಾಯಿತು, ನಿನಗೆ ಯಾಕೆ "ಸ್ವಲ್ಪ ಬಿಡುವಿದೆ" ಅಂತ. ಅಧ್ಯಕ್ಷರು ಪುಸ್ತಿಕೆ ಕಂಡ ಕೂಡಲೇ ನಿಮ್ಮ ವಿಶ್ವವಿದ್ಯಾಲಯಕ್ಕೆ ದೂರು ಬರೆದರಂತೆ, ಸಭ್ಯ ಬೀದಿಯ ಮಾನ ಕಳೆಯುವ ಅಧ್ಯಾಪಕ ಅಂತ. ಅವರು ಪುಸ್ತಿಕೆಯ ಮೊದಲ ಪುಟ ಕಿತ್ತು ಬೇರೆ ಅಂಟಿಸಿದರಂತೆ. ನಿನ್ನ ತರಗತಿಯನ್ನು "ತಾತ್ಕಾಲಿಕವಾಗಿ" ನಿಲ್ಲಿಸಿದರಂತೆ. ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು "ನಾನು ಆರಾಮ" ಅಂತ ಬರೆದೆಯಲ್ಲ, ನಿನಗೆ ಏನು ಹೇಳಲಿ? ನಾನು ಗುಂಡಿಯ ಬಣ್ಣದ ಬಗ್ಗೆ ಬರೆದರೆ ತಪ್ಪು, ನೀನು ಬಿಡುವಿನ ಬಗ್ಗೆ ಬರೆದರೆ ಸರಿಯೇ? ನಿನ್ನ ಗಾಜಿನ ಆಫೀಸಿಗೆ ನಾನು ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೆ. ನಮ್ಮ ಕಾರ್ಯದರ್ಶಿಯಂಥವರು ಅಲ್ಲೂ ಇದ್ದಾರೆ, ಇನ್ನೂ ಚಂದದ ಟೈ ಕಟ್ಟಿಕೊಂಡು.

ಇವತ್ತು ಬೆಳಿಗ್ಗೆ ಕಮಿಟಿಯವರು ಹೊಲಿಗೆ ಕೋಣೆಗೆ ಬೀಗ ಜಡಿದಿದ್ದಾರೆ. ಅಧ್ಯಕ್ಷರ ಅಂಗಡಿಯದೇ ಬೀಗ. ಮೆಷಿನ್‌ಗಳನ್ನು ಮುಂಚೆಯೇ ಹೊರಗಿಟ್ಟುಬಿಟ್ಟಿದ್ದೆವು, ಈಗ ನಮ್ಮ ಮನೆಯ ವರಾಂಡದಲ್ಲಿ, ಮೆಟ್ಟಿಲ ಕೆಳಗೆ, ನಿಮ್ಮಪ್ಪನ ರಿಪೇರಿ ಕೋಣೆಯಲ್ಲಿ, ಎಲ್ಲೆಂದರಲ್ಲಿ ಇವೆ. ಕೆಲವರು ಬಂದರು, ಕೆಲವರು ಬರಲಿಲ್ಲ. ಸಮವಸ್ತ್ರ ಮಾತ್ರ ಹೊತ್ತಿಗೆ ಸರಿಯಾಗಿ ಕೊಡಲೇಬೇಕು. ನಿನ್ನ ಡಾಕ್ಟ್ರು ಗುಂಡಿ ಹಚ್ಚುತ್ತ ಕೂತಿದ್ದಾನೆ, ಒಸಡು ಹೊಲಿಯುವ ಕೈಯಲ್ಲವೇ, ಹೊಲಿಗೆ ಸಣ್ಣಗೆ ಬೀಳುತ್ತದೆ. ಬೆಳಿಗ್ಗೆ ಪಕ್ಕದ ಮನೆಯವಳು ಕಾಂಪೌಂಡಿನಿಂದ ಇಣುಕಿದಳು. ನಾನೇ ಕರೆದು, "ಇವನು ನಮ್ಮ ಹುಡುಗನ ಸಂಗಾತಿ, ನಿನಗೆ ಹಲ್ಲು ನೋವಿದೆ ಅಂತಿದ್ದೆಯಲ್ಲ, ತೋರಿಸು" ಅಂದೆ. ದುರುಗುಟ್ಟಿ ನೋಡಿ ಒಳಗೆ ಹೋದಳು. ಮಧ್ಯಾಹ್ನ ಕೆನ್ನೆ ಹಿಡಿದುಕೊಂಡು ಬಂದಳು.

ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಸಭೆ ಹೇಗಾಯಿತು ಅಂತ ಕೇಳಿ ಸ್ವಲ್ಪ ಗೋಳು ಹೊಯ್ದುಕೊಂಡು ಆಮೇಲೆ ಬಿಚ್ಚು.

ಇನ್ನೊಂದು ಮಾತು. ನಿಮ್ಮ ಮುಖ್ಯಸ್ಥರು ನಿನ್ನನ್ನು ಮಾತಿಗೆ ಕರೆದಿದ್ದಾರಂತೆ, ಬರುವ ಸೋಮವಾರ. ಡಾಕ್ಟ್ರು ಹೇಳಿದ. ಅಲ್ಲಿ ತಲೆ ತಗ್ಗಿಸಿ "ಆಗಲಿ ಮೇಡಂ" ಅಂದೆಯೋ, ನನ್ನ ಹತ್ತಿರ ಮಾತಾಡಬೇಡ. ಕ್ಲಾಸು ಕೇಳು, ಇಬ್ಬರಿಗೂ ಮನೆ ಕೇಳು, ಗೇಟಿನ ಆ ಅತಿಥಿ ಅನ್ನುವುದನ್ನು ಅಳಿಸು ಅನ್ನು. ಗಟ್ಟಿಯಾಗಿ ಕೇಳು, ಹೊರಗೆ ಗುಮಾಸ್ತರಿಗೂ ಕೇಳಿಸುವ ಹಾಗೆ. ನಾನು ಪರದೆಯ ಪಕ್ಕದ ಕೆಲಸ ಬಿಟ್ಟಾಯಿತು, ನಿನಗೆ ಹೇಳಿಕೊಡುವುದಿಲ್ಲ. ನಿನ್ನ ಮಾತು ನಿನಗೆ ಬಾಯಿಪಾಠವೇ ಇದೆ.

ಉತ್ತರ ಬರೆ. "ನೀವು" ಅಂದರೆ ಹರಿದು ಒಲೆಗೆ ಹಾಕುತ್ತೇನೆ.

ನಿನ್ನ ಅತ್ತೆ